ಬೆಳಿಗ್ಗೆ 12.18 ವೋಲ್ಟ್ ತೋರಿಸುವ ಕಾರಿನ ಬ್ಯಾಟರಿಯನ್ನು ಬದಲಿಸಲೇಬೇಕೇ?

ಶಿರಾಗೇಟ್ ಶಿಕ್ಷಕ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಶಿರಾಗೇಟ್ ಬಳಿ ವಾಸವಾಗಿರುವ ಪ್ರೌಢಶಾಲಾ ಶಿಕ್ಷಕ. ನನ್ನದು ಏಳು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಅದರಲ್ಲಿ ಈಗ ಇರುವುದು 35 ಎಎಚ್ (ಆಂಪಿಯರ್-ಗಂಟೆ) ಸಾಮರ್ಥ್ಯದ ಬ್ಯಾಟರಿ. ಹಾಕಿಸಿ ಮೂರು ವರ್ಷ ಎರಡು ತಿಂಗಳಾಯಿತು. ಶಾಲೆ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದೆ. ತಿಂಗಳಿಗೆ ಒಂದೆರಡು ಸಲ ತಿಪಟೂರಿನ ಕಡೆಯ ನಮ್ಮ ಹಳ್ಳಿಗೆ ತಾಯಿಯವರನ್ನು ನೋಡಲು ಹೋಗುತ್ತೇನೆ. ಅವರಿಗೆ ಎಂಬತ್ತು ದಾಟಿದೆ, ಮನೆಯಲ್ಲಿ ಒಬ್ಬರೇ ಇದ್ದಾರೆ; ರಾತ್ರಿ ಯಾವ ಹೊತ್ತಿನಲ್ಲಿ ಕರೆ ಬಂದರೂ ಕಾರು ಹೊರಡಲೇಬೇಕು. ಹೀಗಾಗಿ ಈ ಪ್ರಶ್ನೆ ನನಗೆ ಹಣದ ಪ್ರಶ್ನೆ ಮಾತ್ರವಲ್ಲ.

ಕಳೆದ ವಾರ ತರಬೇತಿಗೆಂದು ಐದು ದಿನ ಹೊರಗಿದ್ದೆ. ಬಂದ ಮರುದಿನ ಬೆಳಿಗ್ಗೆ ಆರು ಗಂಟೆಯ ಚಳಿಯಲ್ಲಿ ಕೀಲಿ ತಿರುಗಿಸಿದರೆ ಎಂಜಿನ್ ತಿರುಗದೆ ಬರಿಯ ‘ಕಟಕಟ’ ಸದ್ದು ಬಂತು, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದವು. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಕೊಟ್ಟು ಚಾಲೂ ಮಾಡಿ, ಸುಮಾರು ಮುಕ್ಕಾಲು ಗಂಟೆ ಓಡಿಸಿಕೊಂಡು ಒಂದು ಬ್ಯಾಟರಿ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಅಂಗೈಯಗಲದ ಟೆಸ್ಟರ್ ಒಂದರ ಎರಡು ಕ್ಲಿಪ್ಪುಗಳನ್ನು ಸಿಕ್ಕಿಸಿದ, ಅರ್ಧ ನಿಮಿಷದಲ್ಲಿ ಅದರ ಪರದೆಯ ಮೇಲೆ ‘ರೀಪ್ಲೇಸ್’ ಎಂಬ ಪದ ಬಂತು. ‘ಮೇಲಿನ ಚಾರ್ಜ್ ತೋರಿಸುವ ಕಣ್ಣೂ ಕಪ್ಪಾಗಿದೆ, ಬ್ಯಾಟರಿ ಹೋಯಿತು, ಇವತ್ತೇ ಹಾಕಿಸಿಬಿಡಿ’ ಎಂದ. ನಾನು ಒಂದು ದಿನದ ಸಮಯ ಕೇಳಿ ಹಿಂದಿರುಗಿದೆ. ಬರುವ ದಾರಿಯಲ್ಲಿ ಒಂದು ಸಣ್ಣ ಡಿಜಿಟಲ್ ಮಲ್ಟಿಮೀಟರ್ ಕೊಂಡೆ. ಮರುದಿನ ಬೆಳಿಗ್ಗೆ, ರಾತ್ರಿಯಿಡೀ ನಿಂತಿದ್ದ ಕಾರಿನ ಬ್ಯಾಟರಿಯಲ್ಲಿ ಅದು 12.18 ವೋಲ್ಟ್ ತೋರಿಸಿತು. ಎಂಜಿನ್ ಕಷ್ಟಪಟ್ಟು ಚಾಲೂ ಆಯಿತು; ಓಡುತ್ತಿರುವಾಗ 14.2 ಬಂತು.

12.18 ಎಂದರೆ ಬ್ಯಾಟರಿ ಕೆಟ್ಟಿದೆ ಎಂದರ್ಥವೇ? ಮೇಲಿನ ಗಾಜಿನ ಕಣ್ಣು ಹೇಳುವುದನ್ನು ನಂಬಬಹುದೇ? ಮನೆಯಲ್ಲೇ ಪರೀಕ್ಷಿಸಿ ನಿರ್ಧಾರಕ್ಕೆ ಬರುವ ಸರಿಯಾದ ಕ್ರಮವನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ಬ್ಯಾಟರಿಯ ಮೇಲೆ ಆಸಿಡ್ ಮುಚ್ಚಳಗಳು ಆರೂ ಇವೆ, ಅವನ್ನು ತೆರೆಯಲು ಬರುತ್ತದೆ.

ಬ್ಯಾಟರಿ ಕೆಲಸಗಾರ, ಬಿ.ಎಚ್. ರಸ್ತೆ, ತುಮಕೂರು

ಮೇಷ್ಟ್ರೇ, ನಾನು ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಒಂದು ದಿನದ ಸಮಯ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಬ್ಯಾಟರಿ ಕೆಟ್ಟಿರಲೂಬಹುದು, ಚೆನ್ನಾಗಿರಲೂಬಹುದು. ನೀವು ಇಲ್ಲಿಯವರೆಗೆ ಬರೆದಿರುವ ಅಂಕಿಗಳಿಂದ ಯಾರಿಗೂ ಅದನ್ನು ಹೇಳಲು ಬರುವುದಿಲ್ಲ. 12.18 ಎಂಬುದು ಬ್ಯಾಟರಿಯಲ್ಲಿ ಈಗ ಚಾರ್ಜ್ ಎಷ್ಟಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಕೆಲವು ಗಂಟೆ ಸುಮ್ಮನೆ ನಿಂತ ಬ್ಯಾಟರಿ 12.6ರಿಂದ 12.7 ತೋರಿಸಿದರೆ ಪೂರ್ತಿ ತುಂಬಿದೆ ಎಂದು ಲೆಕ್ಕ, 12.4 ಇದ್ದರೆ ಮುಕ್ಕಾಲು ಭಾಗ, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ. ನಿಮ್ಮದು ಅರ್ಧಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತಿದೆ. ಏಕೆ ಅರ್ಧವಾಯಿತು ಎಂಬುದು ಬೇರೆ ಪ್ರಶ್ನೆ, ತುಂಬಿದ ಮೇಲೆ ಅದು ಕೆಲಸ ಮಾಡುತ್ತದೆಯೇ ಎಂಬುದು ಮೂರನೆಯ ಪ್ರಶ್ನೆ. ಈ ಮೂರನ್ನೂ ಒಂದೇ ಎಂದು ತಿಳಿದು ಒಳ್ಳೆಯ ಬ್ಯಾಟರಿಗಳನ್ನು ಗುಜರಿಗೆ ಹಾಕಿದವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ.

ಟೆಸ್ಟರಿನ ವಿಷಯಕ್ಕೆ ಬರುತ್ತೇನೆ. ಆ ಸಾಧನ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೊಟ್ಟ ವಿವರದ ಮೇಲೆಯೇ ಅದು ತೀರ್ಪು ಕೊಡುತ್ತದೆ. ಲೇಬಲಿನ ಮೇಲೆ ಬರೆದಿರುವ ಸಿಸಿಎ ಅಂಕಿಯನ್ನೂ (ಚಳಿಯಲ್ಲಿ ಎಂಜಿನ್ ತಿರುಗಿಸಲು ಬ್ಯಾಟರಿ ಕೊಡಬಲ್ಲ ಕರೆಂಟು), ಅದು ಯಾವ ಮಾನದಂಡದ ಅಂಕಿ ಎಂಬುದನ್ನೂ ಮೊದಲು ಅದಕ್ಕೆ ಕೊಡಬೇಕು. ಹಿಂದಿನ ಗಿರಾಕಿಯ ದೊಡ್ಡ ಡೀಸೆಲ್ ಗಾಡಿಯ ಅಂಕಿ ಅದರಲ್ಲಿ ಹಾಗೆಯೇ ಉಳಿದಿದ್ದರೆ, ಹೊಸ 35 ಎಎಚ್ ಬ್ಯಾಟರಿಗೂ ಅದು ‘ರೀಪ್ಲೇಸ್’ ಎಂದೇ ಹೇಳುತ್ತದೆ. ಚಾರ್ಜ್ ಅರ್ಧಕ್ಕೆ ಇಳಿದ ಬ್ಯಾಟರಿಯಲ್ಲಿಯೂ ಅಂಕಿ ಕಡಿಮೆ ಬರುವುದು ಸಹಜ. ಆದ್ದರಿಂದ ಮೊದಲು ತುಂಬಿಸಬೇಕು, ಆಮೇಲೆ ಪರೀಕ್ಷಿಸಬೇಕು. ಕಣ್ಣು ಕಪ್ಪಾಗಿದೆ ಎಂದರೆ ಸಾಮಾನ್ಯವಾಗಿ ಚಾರ್ಜ್ ಮಾಡಿ ಎಂದರ್ಥ, ಸತ್ತಿದೆ ಎಂದಲ್ಲ. ಬಣ್ಣಗಳ ಅರ್ಥ ಅದರ ಪಕ್ಕದ ಲೇಬಲಿನಲ್ಲಿಯೇ ಬರೆದಿರುತ್ತದೆ. ಇನ್ನೊಂದು ಮಾತನ್ನು ನೆನಪಿಡಿ, ಆ ಕಣ್ಣು ಇರುವುದು ಆರು ಸೆಲ್‌ಗಳ ಪೈಕಿ ಒಂದರಲ್ಲಿ ಮಾತ್ರ. ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಿಲ್ಲ.

ಮೀಟರ್ ಹಿಡಿಯುವ ಮುಂಚೆ ಕಣ್ಣಿನಿಂದ ನೋಡುವ ಕೆಲಸವಿದೆ, ಅದನ್ನು ಅವಸರದಲ್ಲಿ ಮುಗಿಸಬೇಡಿ. ಬ್ಯಾಟರಿಯ ಪಕ್ಕಗಳು ಉಬ್ಬಿವೆಯೇ, ಎಲ್ಲಿಯಾದರೂ ಬಿರುಕು ಬಿಟ್ಟು ಆಸಿಡ್ ಒಸರಿದೆಯೇ, ಕೆಳಗಿನ ತಗಡು ತುಕ್ಕು ಹಿಡಿದು ಉದುರುತ್ತಿದೆಯೇ ಎಂದು ನೋಡಿ. ಉಬ್ಬಿದ ಅಥವಾ ಬಿರುಕು ಬಿಟ್ಟ ಬ್ಯಾಟರಿಗೆ ಮುಂದಿನ ಯಾವ ಪರೀಕ್ಷೆಯೂ ಬೇಡ, ಅದನ್ನು ಬದಲಿಸಲೇಬೇಕು. ಬ್ಯಾಟರಿಯನ್ನು ಅದುಮಿ ಹಿಡಿಯುವ ಪಟ್ಟಿ ಬಿಗಿಯಾಗಿರಬೇಕು, ಏಕೆಂದರೆ ಹಳ್ಳಿಯ ರಸ್ತೆಯ ಕುಲುಕಾಟಕ್ಕೆ ಒಳಗಿನ ಪ್ಲೇಟುಗಳ ಲೇಪ ಉದುರಿ ತಳ ಸೇರುತ್ತದೆ. ಆಮೇಲೆ ಎರಡು ಟರ್ಮಿನಲ್‌ಗಳು. ಬಿಳಿಯ ಪುಡಿಯ ನಡುವೆ ಅಡಿಕೆಗೆ ಹೊಡೆಯುವ ಮೈಲುತುತ್ತದ ನೀಲಿ ಬಣ್ಣ ಕಂಡರೆ ಅಚ್ಚರಿಪಡಬೇಡಿ, ಅದು ನಿಜವಾಗಿಯೂ ಮೈಲುತುತ್ತವೇ. ಆಸಿಡ್ ತಗುಲಿ ಕೇಬಲಿನ ತಾಮ್ರ ಹಾಗಾಗಿರುತ್ತದೆ. ಕ್ಲಾಂಪನ್ನು ಬರಿಗೈಯಲ್ಲಿ ತಿರುಗಿಸಿ ನೋಡಿ. ಅದು ಒಂದಿಷ್ಟು ಅಲುಗಿದರೂ ದೋಷ ಅಲ್ಲಿಯೇ ಇರುವ ಸಾಧ್ಯತೆ ದೊಡ್ಡದು.

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ನೆಗೆಟಿವ್ ಕಾರಿನ ಇಡೀ ಬಾಡಿಗೆ ಸೇರಿಕೊಂಡಿರುವುದರಿಂದ, ಅದು ಇನ್ನೂ ಹಾಕಿದ್ದಂತೆಯೇ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾನೆಟ್ಟಿನ ತಗಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಆ ಸ್ಪ್ಯಾನರಿನ ಮೂಲಕ ಹರಿಯುತ್ತದೆ. ಉಂಗುರ, ಕೈಗಡಿಯಾರ ತೆಗೆದಿಟ್ಟು ಕೆಲಸ ಮಾಡಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಪುಡಿ ನೊರೆಯೆದ್ದು ಹೋಗುತ್ತದೆ. ಆ ನೀರು ಮುಚ್ಚಳಗಳ ಒಳಗೆ ಇಳಿಯಬಾರದು. ಒರೆಸಿ ಒಣಗಿಸಿ, ಟರ್ಮಿನಲ್ಲಿನ ಕಂಬ ಮತ್ತು ಕ್ಲಾಂಪಿನ ಒಳಮೈ ಸೀಸದ ಹೊಳಪು ಕಾಣುವಷ್ಟು ಮರಳುಕಾಗದದಲ್ಲಿ ತಿಕ್ಕಿ, ಬಿಗಿಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಬಿಗಿಮಾಡುವ ಮೊದಲೇ ಒಳಗೆ ಗ್ರೀಸ್ ತುಂಬುವ ಅಭ್ಯಾಸ ಕೆಲವರಿಗಿದೆ. ಅದು ನನಗೆ ಒಪ್ಪಿಗೆಯಿಲ್ಲ.

ನಂತರ ಚಾರ್ಜ್ ಮಾಡಿ. ಎಂಜಿನ್ ಅರ್ಧ ಗಂಟೆ ನಿಂತಲ್ಲಿಯೇ ಓಡಿಸಿದರೆ ತುಂಬುತ್ತದೆ ಎಂಬ ಮಾತನ್ನು ನಂಬಬೇಡಿ. 35 ಎಎಚ್ ಬ್ಯಾಟರಿಗೆ ಮೂರೂವರೆ ಆಂಪಿಯರ್ ಆಸುಪಾಸಿನ ಚಾರ್ಜರಿನಲ್ಲಿ, ಅರ್ಧ ಖಾಲಿಯಾಗಿದ್ದರೆ, ಏಳೆಂಟು ಗಂಟೆಯಾದರೂ ಬೇಕು. ತುಂಬುತ್ತ ಬಂದಂತೆ ಅದು ಕರೆಂಟನ್ನು ಕಡಿಮೆ ಎಳೆಯುವುದರಿಂದ ಕೊನೆಯ ಭಾಗ ನಿಧಾನವಾಗುತ್ತದೆ. ಓಡುವಾಗ 14.2 ಬಂದಿರುವುದು ಒಳ್ಳೆಯ ಸುದ್ದಿ, ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗಲೂ ಅದು 13.5ರ ಮೇಲೆ ನಿಂತರೆ ಆ ಕಡೆಯ ಚಿಂತೆ ಬಿಡಿ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಈ ವೋಲ್ಟೇಜನ್ನು ಏರಿಸಿ ಇಳಿಸುತ್ತದೆ, ಅಲ್ಲಿ ಈ ಲೆಕ್ಕ ನಡೆಯದು. ನಿಮ್ಮ ಕಾರಿನಲ್ಲಿ ಆ ಏರ್ಪಾಡು ಇದ್ದಂತಿಲ್ಲ.

ಕೋಲಾರದ ಉಪನ್ಯಾಸಕಿ

ಮೇಲಿನವರು ಕ್ರಮವನ್ನು ಸರಿಯಾಗಿ ಹೇಳಿದ್ದಾರೆ. ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುವ ನಾನು ಅದರ ಹಿಂದಿನ ಕಾರಣವನ್ನು ಒಂದಿಷ್ಟು ವಿವರಿಸಲು ಬಯಸುತ್ತೇನೆ, ಏಕೆಂದರೆ ಕಾರಣ ತಿಳಿದರೆ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನಮ್ಮ ಜಿಲ್ಲೆಯ ಕೆರೆಯೊಂದನ್ನು ನೆನಪಿಗೆ ತಂದುಕೊಳ್ಳಿ. ಒಳ್ಳೆಯ ಮಳೆಯಾಗಿ ಕೋಡಿ ಹರಿಯುತ್ತಿದೆ, ನೀರು ಏರಿಯ ಮಟ್ಟಕ್ಕೆ ಬಂದು ನಿಂತಿದೆ; ಆದರೆ ಐವತ್ತು ವರ್ಷದಿಂದ ಹೂಳು ತೆಗೆಯದೆ ಇದ್ದರೆ ಆ ಕೆರೆ ತುಂಬಿದ್ದರೂ ಎರಡು ತಿಂಗಳಲ್ಲಿ ಬತ್ತುತ್ತದೆ. ಮೀಟರ್ ತೋರಿಸುವ ವೋಲ್ಟೇಜು ನೀರಿನ ಮಟ್ಟವಿದ್ದಂತೆ. ಹೂಳು ಎಷ್ಟಿದೆ ಎಂಬುದನ್ನು ಮಟ್ಟ ನೋಡಿ ಹೇಳಲಾಗದು, ತೂಬು ಎತ್ತಿ ನೀರು ಬಿಟ್ಟು ನೋಡಬೇಕು. ಬ್ಯಾಟರಿಯಲ್ಲಿ ಹೂಳಿನ ಕೆಲಸ ಮಾಡುವುದು ಸೀಸದ ಸಲ್ಫೇಟ್. ಚಾರ್ಜ್ ಇಳಿಯುವಾಗ ಎರಡೂ ಬಗೆಯ ಪ್ಲೇಟುಗಳ ಮೇಲೆ ಅದು ಸಣ್ಣ ಹರಳುಗಳಾಗಿ ಕೂರುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಕರಗುತ್ತದೆ. ವಾರಗಟ್ಟಲೆ ಅರ್ಧ ಚಾರ್ಜಿನಲ್ಲಿಯೇ ನಿಂತರೆ ಆ ಹರಳುಗಳು ದೊಡ್ಡವಾಗಿ ಗಟ್ಟಿಯಾಗುತ್ತವೆ, ಆಮೇಲೆ ಯಾವ ಚಾರ್ಜರಿಗೂ ಬಗ್ಗುವುದಿಲ್ಲ. ಆದುದರಿಂದಲೇ ನಿಮ್ಮ 12.18ನ್ನು ಇವತ್ತೇ ಏರಿಸುವುದು ಮುಖ್ಯ. ಬ್ಯಾಟರಿ ಕೆಟ್ಟಿಲ್ಲದಿದ್ದರೂ ಹೀಗೆಯೇ ಬಿಟ್ಟರೆ ಕೆಡುತ್ತದೆ.

ಆರು ಮುಚ್ಚಳಗಳು ತೆರೆಯಲು ಬರುವುದು ನಿಮ್ಮ ಅದೃಷ್ಟ. ಹೈಡ್ರೋಮೀಟರಿನಿಂದ ಪ್ರತಿ ಸೆಲ್ಲಿನ ಗ್ರಾವಿಟಿಯನ್ನು, ಅಂದರೆ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬುದನ್ನು, ಪ್ರತ್ಯೇಕವಾಗಿ ನೋಡಬಹುದು. ರಬ್ಬರಿನ ಗೋಲಿಯನ್ನು ಒತ್ತಿ, ತುದಿಯನ್ನು ಆಸಿಡ್‌ನಲ್ಲಿ ಅದ್ದಿ, ನಿಧಾನವಾಗಿ ಬಿಟ್ಟರೆ ಗಾಜಿನ ಕೊಳವೆಯೊಳಗಿನ ತೇಲುಗಡ್ಡಿ ಮೇಲೇಳುತ್ತದೆ. ಅದು ಗೋಡೆಗೆ ಅಂಟಿಕೊಳ್ಳದೆ ನೆಟ್ಟಗೆ ತೇಲುತ್ತಿರುವಾಗ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಬೇಕು. ಪೂರ್ತಿ ತುಂಬಿದ ಬ್ಯಾಟರಿಯಲ್ಲಿ 1.240ರಿಂದ 1.280ರ ನಡುವೆ ಬರುತ್ತದೆ, ಬಿಸಿ ಪ್ರದೇಶಕ್ಕೆಂದು ತಯಾರಾದವುಗಳಲ್ಲಿ ಕಡಿಮೆಯ ಕಡೆಗೆ. ಅರ್ಧಕ್ಕೆ ಇಳಿದಾಗ 1.190ರ ಆಸುಪಾಸು. ನನ್ನ ದೃಷ್ಟಿಯಲ್ಲಿ ಒಂದೊಂದು ಅಂಕಿಗಿಂತ ಮುಖ್ಯವಾದುದು ಆರು ಅಂಕಿಗಳ ನಡುವಿನ ಅಂತರ. ಐದು ಸೆಲ್‌ಗಳು 1.255ರ ಬಳಿ ನಿಂತು ಒಂದು ಮಾತ್ರ 1.180ಕ್ಕೆ ಬಿದ್ದಿದ್ದರೆ, ಆ ಒಂದು ಸೆಲ್ ಕೆಟ್ಟಿದೆ, ಅದರೊಂದಿಗೆ ಬ್ಯಾಟರಿಯೂ ಮುಗಿದಂತೆ. ಅಂತರ 0.050 ಮೀರಿದರೆ ಬದಲಿಸುವುದೇ ಸರಿ. ಆರೂ ಒಂದೇ ಸಮನೆ ಕಡಿಮೆಯಿದ್ದರೆ ಅದು ಚಾರ್ಜಿನ ಕೊರತೆ ಮಾತ್ರ. ಆಸಿಡ್ ಬೆಚ್ಚಗಾದಷ್ಟೂ ಓದಿಕೆ ತಗ್ಗುತ್ತದೆ. ಹತ್ತು ಡಿಗ್ರಿಗೆ ಸುಮಾರು 0.007 ವ್ಯತ್ಯಾಸ ಬರುವುದರಿಂದ ಎಂಜಿನ್ ಬಿಸಿಯಿರುವಾಗ ಅಳೆಯಬೇಡಿ.

ಪ್ಲೇಟುಗಳು ಮುಳುಗುವಷ್ಟು ದ್ರವ ಇಲ್ಲದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಅದೂ ಪ್ಲೇಟು ಮುಚ್ಚುವಷ್ಟು. ಲೇಬಲಿನಲ್ಲಿ ತೋರಿಸಿರುವ ಮಟ್ಟದವರೆಗೆ ಚಾರ್ಜ್ ಆದ ಮೇಲೆ ತುಂಬಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ನಾವು ಬದುಕುತ್ತಿರುವುದು ಆಳದ ಕೊಳವೆಬಾವಿಯ ನೀರಿನ ಮೇಲೆ. ಫ್ಲೋರೈಡಿನಿಂದ ಹಿಡಿದು ಕ್ಲೋರೈಡ್, ಕಬ್ಬಿಣದವರೆಗೆ ಅದರಲ್ಲಿ ಕರಗಿರುವ ಲವಣಗಳು ಪ್ಲೇಟುಗಳನ್ನು ತಿನ್ನುತ್ತವೆ, ಬ್ಯಾಟರಿ ತಾನಾಗಿಯೇ ಖಾಲಿಯಾಗುವುದನ್ನೂ ಹೆಚ್ಚಿಸುತ್ತವೆ. ಮನೆಯ ಆರ್‌ಒ ನೀರು ಕುಡಿಯಲು ಯೋಗ್ಯವೇ ಹೊರತು ಬ್ಯಾಟರಿಗಲ್ಲ. ಆಸಿಡ್ ಅನ್ನಂತೂ ಮೇಲಿನಿಂದ ಎಂದೂ ಹಾಕಬೇಡಿ. ಆವಿಯಾಗಿ ಹೋಗಿರುವುದು ನೀರು, ಆಸಿಡ್ ಅಲ್ಲ.

ಇನ್ನು ತೂಬು ಎತ್ತಿ ನೋಡುವ ಪರೀಕ್ಷೆ. ಅಂಗಡಿಯ ಲೋಡ್ ಟೆಸ್ಟರಿನಲ್ಲಿ ಸಿಸಿಎಯ ಅರ್ಧದಷ್ಟು ಕರೆಂಟನ್ನು 15 ಸೆಕೆಂಡು ಎಳೆದಾಗ ವೋಲ್ಟೇಜು 9.6ಕ್ಕಿಂತ ಕೆಳಗಿಳಿಯಬಾರದು ಎಂಬುದು ವಾಡಿಕೆಯ ಗಡಿ. ಮನೆಯಲ್ಲಿ ಸ್ಟಾರ್ಟರ್ ಮೋಟಾರೇ ನಿಮ್ಮ ಲೋಡ್. ಮೀಟರಿನ ಮೊನೆಗಳನ್ನು ಕ್ಲಾಂಪಿಗೆ ಮುಟ್ಟಿಸದೆ ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ ಹಿಡಿದು, ಇನ್ನೊಬ್ಬರಿಂದ ಕೀಲಿ ತಿರುಗಿಸಿ. ತುಂಬಿದ ಬ್ಯಾಟರಿಯಲ್ಲಿ 10ರ ಮೇಲೆ ನಿಂತರೆ ನೆಮ್ಮದಿ, 9.6ರ ಕೆಳಗೆ ಹೋದರೆ ಬದಲಿಸುವ ಕಾಲ ಬಂದಿದೆ. ಅಂಕಿ 12ರಲ್ಲಿಯೇ ಅಲುಗದೆ ನಿಂತು ಎಂಜಿನ್ ತಿರುಗದಿದ್ದರೆ ಬ್ಯಾಟರಿಯಿಂದ ಕರೆಂಟೇ ಹೊರಡುತ್ತಿಲ್ಲ ಎಂದರ್ಥ. ಆಗ ಕ್ಲಾಂಪು, ಅರ್ತ್ ಪಟ್ಟಿ (ನೆಗೆಟಿವನ್ನು ಬಾಡಿಗೂ ಎಂಜಿನ್ನಿಗೂ ಸೇರಿಸುವ ಕೇಬಲ್) ಅಥವಾ ಸ್ಟಾರ್ಟರನ್ನು ನೋಡಬೇಕು. ಕೀಲಿ ತಿರುಗಿಸುತ್ತಿರುವಾಗ ನೆಗೆಟಿವ್ ಕಂಬ ಮತ್ತು ಎಂಜಿನ್ನಿನ ಬರಿಯ ಲೋಹದ ನಡುವೆ ಅಳೆದರೆ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚು ಬಂದರೆ ಅರ್ತ್ ಪಟ್ಟಿಯಲ್ಲಿ ತಡೆಯಿದೆ, ಹೊಸ ಬ್ಯಾಟರಿ ಹಾಕಿದರೂ ಕಾರು ಹಾಗೆಯೇ ನರಳುತ್ತದೆ.

ಒಂದು ಎಚ್ಚರಿಕೆಯನ್ನು ಕೈಮುಗಿದು ಹೇಳುತ್ತೇನೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಒಂದು ಕಿಡಿ ಸಾಕು, ಮುಚ್ಚಳ ಸಿಡಿದು ಆಸಿಡ್ ಮುಖಕ್ಕೆ ಬರುತ್ತದೆ. ಮನೆಯೊಳಗೆ, ಗ್ಯಾಸ್ ಒಲೆ ಅಥವಾ ದೇವರ ದೀಪದ ಬಳಿ ಚಾರ್ಜಿಗೆ ಇಡಬೇಡಿ. ಕನ್ನಡಕ ಹಾಕಿಕೊಳ್ಳಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಕ್ಲಿಪ್ಪುಗಳನ್ನು ಹಾಕಿದ ಮೇಲೆ ಗೋಡೆಯ ಸ್ವಿಚ್ ಹಾಕಿ; ತೆಗೆಯುವಾಗ ಸ್ವಿಚ್ ಮೊದಲು ಆರಿಸಿ.

ಶಿಡ್ಲಘಟ್ಟದ ಚಾಲಕ

ನಾನು ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸುವವನು. ಬೆಳಗಿನ ಜಾವ ಮೂರು ಗಂಟೆಗೆ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಗಾಡಿ ಚಾಲೂ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಎರಡು ಸಲ ಅನುಭವಿಸಿದ್ದೇನೆ. ಎರಡು ಸಲವೂ ಬ್ಯಾಟರಿ ಬದಲಿಸಿದೆ, ಎರಡು ಸಲವೂ ತಪ್ಪು ಬ್ಯಾಟರಿಯದ್ದಾಗಿರಲಿಲ್ಲ. ಹಿಂದಿನ ವರ್ಷ ಒಂದು ಆಕ್ಸೆಸರಿ ಅಂಗಡಿಯಲ್ಲಿ ಮುಂದಿನ ಗಾಜಿಗೆ ಕ್ಯಾಮೆರಾ ಹಾಕಿಸಿದ್ದೆ, ಅದರ ವೈರನ್ನು ಅವರು ಕೀಲಿ ತೆಗೆದರೂ ಕರೆಂಟು ಇರುವ ಜಾಗಕ್ಕೆ ಜೋಡಿಸಿದ್ದರು. ಅದು ಹಗಲು ರಾತ್ರಿ 0.31 ಆಂಪಿಯರ್ ಎಳೆಯುತ್ತಿತ್ತು. ಕೇಳಲು ಸಣ್ಣದು, ಆದರೆ ಇಪ್ಪತ್ತನಾಲ್ಕು ಗಂಟೆಗೆ ಏಳೂವರೆ ಎಎಚ್ ಆಗುತ್ತದೆ. ಎರಡೂವರೆ ದಿನ ನಿಂತರೆ 35ರ ಬ್ಯಾಟರಿ ಅರ್ಧ ಖಾಲಿ.

ಐದು ದಿನ ನಿಂತ ಮೇಲೆ ಹೀಗಾಯಿತು ಎಂದು ಶಿಕ್ಷಕರು ಬರೆದಿರುವುದನ್ನು ಓದಿದ ಕೂಡಲೇ ನನಗೆ ಈ ಸೋರಿಕೆಯ ಸಂಶಯ ಬಂತು. ನೋಡುವ ವಿಧಾನ ಹೀಗೆ. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ಎಂದು ಬರೆದಿರುವ ತೂತಿಗೆ ಬದಲಿಸಿ, ಗುಂಡಿಯನ್ನು ಡಿಸಿ ಆಂಪಿಯರಿಗೆ ತಿರುಗಿಸಿ. ಬಾಗಿಲಿನ ಬೀಗದ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸಿದರೆ ಬಾಗಿಲು ತೆರೆದಿದ್ದರೂ ಗಾಡಿ ಮುಚ್ಚಿದೆ ಎಂದೇ ತಿಳಿಯುತ್ತದೆ, ಆಗ ಒಳಗಿನ ಫ್ಯೂಸ್ ಪೆಟ್ಟಿಗೆಗೆ ಕೈ ಹಾಕಬಹುದು. ನೆಗೆಟಿವ್ ಕ್ಲಾಂಪನ್ನು ಬಿಚ್ಚಿ, ಕಂಬ ಮತ್ತು ಕ್ಲಾಂಪಿನ ನಡುವೆ ಮೀಟರನ್ನು ಸೇರಿಸಿ. ಮೊದಲು ಅಂಕಿ ದೊಡ್ಡದಾಗಿಯೇ ಬರುತ್ತದೆ, ಗಾಬರಿಯಾಗಬೇಡಿ. ಕೀಲಿಯನ್ನು ದೂರದಲ್ಲಿಟ್ಟು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾದರೆ ಒಳಗಿನ ಕಂಪ್ಯೂಟರುಗಳು ಮಲಗುತ್ತವೆ. ಆಮೇಲೆ 0.05 ಆಂಪಿಯರಿನ ಒಳಗೆ ನಿಂತರೆ ಸರಿ. ಅದಕ್ಕಿಂತ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ದಬಕ್ಕನೆ ಇಳಿಯುತ್ತದೆಯೋ ಕಳ್ಳ ಅದರ ದಾರಿಯಲ್ಲಿದ್ದಾನೆ. ಮೀಟರ್ ಸೇರಿಸಿರುವಾಗ ಕೀಲಿಯನ್ನು ಮರೆತೂ ತಿರುಗಿಸಬೇಡಿ, ಮೀಟರ್ ಸುಟ್ಟುಹೋಗುತ್ತದೆ.

ಶಿರಾಗೇಟ್ ಶಿಕ್ಷಕ, ತುಮಕೂರು

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ನೀವು ಹೇಳಿದ ಕ್ರಮದಲ್ಲಿಯೇ ಎಲ್ಲವನ್ನೂ ಮಾಡಿದೆ. ಫಲಿತಾಂಶಗಳನ್ನು ಬರೆಯುತ್ತಿದ್ದೇನೆ.

ಬ್ಯಾಟರಿಯ ಮೈ ಉಬ್ಬಿಲ್ಲ. ಪಾಸಿಟಿವ್ ಕ್ಲಾಂಪಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎತ್ತಿದಾಗ ಕೆಲಸಗಾರರು ಹೇಳಿದ ಮೈಲುತುತ್ತದ ಬಣ್ಣ ಒಂದು ಬೆರಳಿನಷ್ಟು ದಪ್ಪಕ್ಕೆ ಕಂಡಿತು. ಇಷ್ಟು ವರ್ಷ ಆ ಮುಚ್ಚಳವನ್ನು ನಾನು ಎತ್ತಿಯೇ ಇರಲಿಲ್ಲ. ಕ್ಲಾಂಪು ಕೈಯಲ್ಲಿ ಅಲುಗುತ್ತಿತ್ತು. ಸೋಡಾ ನೀರಿನಲ್ಲಿ ತೊಳೆದು, ತಿಕ್ಕಿ, ಬಿಗಿಮಾಡಿದೆ. ಎರಡು ಸೆಲ್‌ಗಳಲ್ಲಿ ದ್ರವ ಸ್ವಲ್ಪ ಕೆಳಗಿತ್ತು, ಆದರೆ ಪ್ಲೇಟುಗಳು ಮುಳುಗಿಯೇ ಇದ್ದವು. ಗೆಳೆಯರ ಚಾರ್ಜರ್ ತಂದು, ಅಂಗಳದಲ್ಲಿ, ಒಂಬತ್ತು ಗಂಟೆ ಚಾರ್ಜ್ ಮಾಡಿ ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿದೆ. ಕ್ಲಾಂಪುಗಳನ್ನು ಸೇರಿಸದೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆದಾಗ 12.66 ಬಂತು. ಕಣ್ಣು ಹಸಿರಾಗಿದೆ. ಪತ್ನಿ ಕೀಲಿ ತಿರುಗಿಸಿದಾಗ ಅಂಕಿ 10.3ಕ್ಕೆ ಇಳಿದು ಮರುಕ್ಷಣ 14ರ ಮೇಲಕ್ಕೆ ಹೋಯಿತು. ನೆಗೆಟಿವ್ ಕಂಬದಿಂದ ಎಂಜಿನ್ನಿಗೆ 0.11 ಇತ್ತು.

ಸೋರಿಕೆಯ ಪರೀಕ್ಷೆಯಲ್ಲಿ ಮುಕ್ಕಾಲು ಗಂಟೆಯ ನಂತರವೂ 0.14 ಆಂಪಿಯರ್ ನಿಂತಿತು. ಫ್ಯೂಸುಗಳನ್ನು ಕೀಳುತ್ತ ಹೋದಾಗ ಆಡಿಯೋದ ಫ್ಯೂಸಿನಲ್ಲಿ 0.03ಕ್ಕೆ ಇಳಿಯಿತು. ಎರಡು ವರ್ಷದ ಹಿಂದೆ ಹೊರಗಡೆ ಹಾಕಿಸಿದ ಪರದೆಯ ಮ್ಯೂಸಿಕ್ ಸಿಸ್ಟಮ್ ಅದು. ಕೀಲಿ ತೆಗೆದರೂ ಅದು ಪೂರ್ತಿ ಆರುತ್ತಿರಲಿಲ್ಲ ಎಂದು ಈಗ ತಿಳಿಯಿತು. ಸದ್ಯಕ್ಕೆ ಆ ಫ್ಯೂಸನ್ನು ತೆಗೆದಿಟ್ಟಿದ್ದೇನೆ. ಸೋಮವಾರ ಬಿ.ಎಚ್. ರಸ್ತೆಯ ಅಂಗಡಿಗೇ ಹೋಗಿ ಹೈಡ್ರೋಮೀಟರಿನಲ್ಲಿಯೂ ನೋಡಿಸಿದೆ. ಆರು ಸೆಲ್‌ಗಳೂ 1.245ರಿಂದ 1.255ರ ನಡುವೆ ಇವೆ. ಲೇಬಲಿನಲ್ಲಿ ಸಿಸಿಎ 300 ಎಂದಿದೆ, ಸರಿಯಾದ ಅಂಕಿ ಕೊಟ್ಟು ನೋಡಿದಾಗ ಟೆಸ್ಟರ್ 258 ತೋರಿಸಿತು.

ಹಾಗಾದರೆ ದಿನವೂ ಎರಡೇ ಕಿಲೋಮೀಟರ್ ಓಡಿಸುವುದರಿಂದ ತೊಂದರೆಯಿಲ್ಲವೇ? ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಕಾರು ನಿಲ್ಲುವಾಗ ಏನು ಮಾಡಲಿ?

ಕೋಲಾರದ ಉಪನ್ಯಾಸಕಿ

ಲೆಕ್ಕವನ್ನು ಜಮಾ ಖರ್ಚಿನಂತೆ ಬರೆದು ನೋಡೋಣ. ಎಂಜಿನ್ ಚಾಲೂ ಮಾಡಲು 150 ಆಂಪಿಯರ್ ಎರಡು ಸೆಕೆಂಡು ಹರಿಯಿತು ಎಂದುಕೊಂಡರೂ ಖರ್ಚಾಗುವುದು 0.08 ಎಎಚ್ ಮಾತ್ರ. ಕೆಲವೇ ನಿಮಿಷದ ಓಡಾಟದಲ್ಲಿ ಅದು ಹಿಂದಿರುಗುತ್ತದೆ. ನಿಮ್ಮ ಮ್ಯೂಸಿಕ್ ಸಿಸ್ಟಮ್ ಇದ್ದಾಗ ನಿಂತ ಕಾರು ದಿನಕ್ಕೆ 3.4 ಎಎಚ್ ಕಳೆದುಕೊಳ್ಳುತ್ತಿತ್ತು, ಅಂದರೆ ನಲವತ್ತು ಬಾರಿ ಎಂಜಿನ್ ಚಾಲೂ ಮಾಡುವಷ್ಟು. ಹತ್ತು ಹನ್ನೆರಡು ನಿಮಿಷದ ಓಡಾಟ ಅದನ್ನು ತುಂಬಿಕೊಡಲಾರದೆ ಚಾರ್ಜು ದಿನೇ ದಿನೇ ಇಳಿಯುತ್ತ ಬಂದಿರಬೇಕು. ಆ ಮೇಲೆ ಐದು ದಿನ ನಿಂತಾಗ ಇನ್ನೂ 17 ಎಎಚ್ ಹೋಯಿತು. ಕ್ಲಾಂಪಿನ ತಡೆಯೂ ಸೇರಿ ಆ ಬೆಳಿಗ್ಗೆ ‘ಕಟಕಟ’ ಎಂದಿದೆ. ಈಗ 0.03ಕ್ಕೆ ದಿನದ ಖರ್ಚು 0.72 ಎಎಚ್. ಶಾಲೆಯ ಓಡಾಟ, ನಡುನಡುವೆ ತಿಪಟೂರಿನ ಪ್ರಯಾಣ, ಇಷ್ಟರಲ್ಲಿ ಲೆಕ್ಕ ಸರಿದೂಗುತ್ತದೆ. ರಾತ್ರಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವನ್ನೂ ಹಾಕಿಕೊಂಡು ಓಡುವ ಎರಡು ಕಿಲೋಮೀಟರಿಗೆ ಮಾತ್ರ ಈ ಮಾತು ಅನ್ವಯಿಸದು.

ಬ್ಯಾಟರಿ ಕೆಲಸಗಾರ, ಬಿ.ಎಚ್. ರಸ್ತೆ, ತುಮಕೂರು

ಮೇಷ್ಟ್ರೇ, ಅಂಗಡಿಯಲ್ಲಿ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗವಾಗಲಿ. 300ರಲ್ಲಿ 258 ಉಳಿದಿದೆ ಎಂದರೆ ಮೂರು ವರ್ಷದ ಬ್ಯಾಟರಿಗೆ ಗೌರವದ ಅಂಕಿ. ಈಗ ಬದಲಿಸುವ ಅಗತ್ಯವಿಲ್ಲ. ಆದರೆ ಎರಡು ವರ್ಷ ಕಡಿಮೆ ಚಾರ್ಜಿನಲ್ಲಿ ದುಡಿದ ಬ್ಯಾಟರಿ ಅದು, ಹೊಸದರಂತೆ ಪೂರ್ತಿ ಆಯುಷ್ಯ ಕೊಡುತ್ತದೆ ಎಂದು ನಾನು ಮಾತು ಕೊಡಲಾರೆ. ನಮ್ಮ ಕಡೆ ಬ್ಯಾಟರಿಯನ್ನು ಸವೆಸುವುದು ಬೇಸಿಗೆಯ ಬಿಸಿ, ಅದು ಬಯಲಾಗುವುದು ಧನುರ್ಮಾಸದ ಬೆಳಿಗ್ಗೆ. ಆದ್ದರಿಂದ ಬೇಸಿಗೆ ಮುಗಿದ ಮೇಲೆ ಒಮ್ಮೆ, ಚಳಿ ಶುರುವಾಗುವ ಮೊದಲು ಒಮ್ಮೆ, ಇದೇ ಕೀಲಿ ತಿರುಗಿಸುವ ಪರೀಕ್ಷೆಯನ್ನು ಮಾಡಿ 10.3ರ ಪಕ್ಕದಲ್ಲಿ ಬರೆದಿಡಿ. ಅದು 9.8ರ ಕಡೆಗೆ ಜಾರಿದ ದಿನ, ತಾಯಿಯವರ ಕರೆಗಾಗಿ ಕಾಯುವ ಕಾರಾದ್ದರಿಂದ, 9.6ರವರೆಗೆ ಕಾಯದೆ ಬದಲಿಸಿಬಿಡಿ. ಹಳೆಯದನ್ನು ಗುಜರಿಯವರಿಗೆ ಹಾಕಬೇಡಿ. ಸೀಸ ಮಣ್ಣಿಗೂ ನೀರಿಗೂ ಸೇರಬಾರದೆಂದೇ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಹೊಸದು ಕೊಳ್ಳುವಾಗ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ರಜೆಯ ವಿಷಯ. ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಕ್ಲಾಂಪನ್ನು ಬಿಚ್ಚಿ, ಕಂಬಕ್ಕೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ ಹೋಗಿ. ಬಿಚ್ಚಿಟ್ಟರೂ ಬ್ಯಾಟರಿ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಬೇಗ ಇಳಿಯುತ್ತದೆ. ಹಾಗಾಗಿ ಕಾರು ನೆರಳಿನಲ್ಲಿರಲಿ. ಬಂದ ದಿನ ಮೊದಲು ಮೀಟರ್ ಹಿಡಿಯಿರಿ, 12.4ಕ್ಕಿಂತ ಕಡಿಮೆಯಿದ್ದರೆ ಚಾರ್ಜರ್ ಹಾಕಿದ ಮೇಲೆ ಕೀಲಿ ತಿರುಗಿಸಿ. ಬಿಚ್ಚಿದ್ದರಿಂದ ಗಡಿಯಾರ, ರೇಡಿಯೋ ಸ್ಟೇಷನ್ನುಗಳು ಅಳಿಸಿಹೋಗುತ್ತವೆ. ಕೆಲವು ಗಾಡಿಗಳಲ್ಲಿ ಪವರ್ ಕಿಟಕಿಯನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ ಒತ್ತಿ ಹಿಡಿಯಬೇಕಾಗುತ್ತದೆ. ಮ್ಯೂಸಿಕ್ ಸಿಸ್ಟಮ್‌ಗೆ ಬೇಕಾದರೆ ಬುಧವಾರದ ನಂತರ ಬನ್ನಿ. ಅದರ ಹಳದಿ ವೈರು ನೆನಪಿಗಾಗಿ ಸದಾ ಕರೆಂಟಿನಲ್ಲಿಯೇ ಇರಬೇಕು, ಕೆಂಪು ವೈರು ಕೀಲಿಯ ಹಿಂದೆ ಬರಬೇಕು. ಹಾಕಿದವರು ಎರಡನ್ನೂ ಒಂದಕ್ಕೇ ಸುತ್ತಿರುವ ಹಾಗೆ ಕಾಣುತ್ತದೆ. ಕೆಂಪನ್ನು ಬೇರೆ ಮಾಡಿ ಕೀಲಿಯ ಲೈನಿಗೆ ಸೇರಿಸಿ, ಮತ್ತೆ ಮುಕ್ಕಾಲು ಗಂಟೆ ಕಾದು ಅಳೆದೇ ಫ್ಯೂಸ್ ಹಾಕಿಕೊಡುತ್ತೇನೆ.